ಪರದೆ ಉಳಿಸಿದ ಮೇಲೆ ಕಾರ್ನಿಯಾವನ್ನೂ ಕಾಯಿರಿ



ಅಪ್ಪನ ಕಣ್ಣಿನ ಪರದೆ (ರೆಟಿನಾ) ಕಳಚಿದೆ, ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಸೋರಿದೆ ಎಂದಾಗ ಕುಷ್ಟಗಿ, ಯಲಬುರ್ಗಾ ಕಡೆಯಿಂದ ನಸುಕಿನ ಬಸ್ಸು ಹತ್ತಿಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕರೆದೊಯ್ಯುವವರು ನೀವೇ. ಆಪರೇಷನ್ ಮುಗಿಸಿ ಊರಿಗೆ ಬಂದಾಗ ಭಾರ ಇಳಿಯಿತು ಅನ್ನಿಸುತ್ತದೆ. ಆದರೆ ಮುಂದಿನ ಕೆಲವು ತಿಂಗಳ ಕಾಳಜಿಯೂ ಆ ಆಪರೇಷನ್ನಿನದೇ ಭಾಗ. ಕಣ್ಣಿನ ಹಿಂದಿನ ಪರದೆ ಕೂಡಿಕೊಂಡರೂ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮಸುಕಾದರೆ ಕಣ್ಣು ಕಾಣದು.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಆಮ್ಲಜನಕ ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಬರಬೇಕು. ಒಳಮೈಗೆ ಒಂದೇ ಪದರ ಜೀವಕೋಶಗಳಿವೆ. ಗದ್ದೆಯಲ್ಲಿ ನಿಂತ ನೀರನ್ನು ಪಂಪು ಹೊರಹಾಕುವಂತೆ, ಕಾರ್ನಿಯಾದೊಳಗೆ ಸೇರುವ ನೀರನ್ನು ಅವು ಹಗಲಿರುಳೂ ಹೊರದೂಡುತ್ತವೆ. ದೊಡ್ಡವರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500 ಕೋಶಗಳಿರುತ್ತವೆ. ಸತ್ತ ಕೋಶದ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ, ಪಕ್ಕದ್ದೇ ಹಿಗ್ಗಿ ಜಾಗ ತುಂಬುತ್ತದೆ. ಸಂಖ್ಯೆ 500ರ ಆಸುಪಾಸಿಗೆ ಕುಸಿದರೆ ಕಾರ್ನಿಯಾ ನೀರು ಕುಡಿದು ಊದಿ ಬೆಳ್ಳಗಾಗುತ್ತದೆ.

ಕಣ್ಣೊಳಗಿನ ಲೋಳೆ ತೆಗೆದು ಪರದೆ ಸರಿಪಡಿಸುವ ವಿಟ್ರೆಕ್ಟಮಿ, 1970ರ ದಶಕದ ಆರಂಭದಲ್ಲಿ ರಾಬರ್ಟ್ ಮಾಕಿಮರ್ ತೋರಿದ ದಾರಿ. ವೈದ್ಯರು ಪರದೆಯನ್ನು ನೋಡುವುದು ಕಾರ್ನಿಯಾದ ಮೂಲಕವೇ. ಆಪರೇಷನ್ನಿನ ನಡುವೆ ಅದು ಮಬ್ಬಾದರೆ ಕೆಲವೊಮ್ಮೆ ಮೇಲ್ಪದರ ಕೆರೆದು ತೆಗೆಯಬೇಕಾಗುತ್ತದೆ. ಆರೋಗ್ಯವಂತರಲ್ಲಿ ಅದು ಕೆಲವೇ ದಿನಗಳಲ್ಲಿ ಮಾಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ತಡ. ಅವರ ಕಾರ್ನಿಯಾದ ನರಗಳು ಮೊದಲೇ ಸೊರಗಿರುತ್ತವೆ, ಪರದೆಗೆ ಹೆಚ್ಚು ಲೇಸರ್ ಚಿಕಿತ್ಸೆ ಆಗಿದ್ದರೆ ಇನ್ನಷ್ಟು. ಹುಣ್ಣಾದರೂ ಅವರಿಗೆ ನೋವು ತಿಳಿಯದೆ ಹೋಗಬಹುದು. ಆದ್ದರಿಂದ ‘ನೋವಿಲ್ಲವಲ್ಲ’ ಎಂದು ತಪಾಸಣೆ ಬಿಡಬೇಡಿ.

ಬಹಳ ಎಚ್ಚರ ಬೇಕಾದದ್ದು ಎಣ್ಣೆಯ ವಿಷಯದಲ್ಲಿ. ಪರದೆಯನ್ನು ಒತ್ತಿ ಹಿಡಿಯಲು ಕೆಲವರ ಕಣ್ಣಲ್ಲಿ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಅದು ಮುಂದಕ್ಕೆ ಬಂದು ಕಾರ್ನಿಯಾದ ಒಳಮೈಗೆ ತಾಗಿದರೆ ಕೋಶಗಳು ಸಾಯುತ್ತವೆ, ಸುಣ್ಣದಂಥ ಬಿಳಿ ಪಟ್ಟಿ ಕಟ್ಟುತ್ತದೆ. ಮಸೂರ ತೆಗೆದ ಕಣ್ಣಿನಲ್ಲಿ ಈ ಅಪಾಯ ಹೆಚ್ಚು. ಅದಕ್ಕೇ ಪರದೆ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಎಣ್ಣೆ ತೆಗೆಯುತ್ತಾರೆ. ಆ ದಿನ ಗಂಗಾವತಿಯಲ್ಲಿ ಭತ್ತದ ಕೊಯ್ಲಿರಬಹುದು, ‘ಕಾಣ್ತದಲ್ಲ, ಮತ್ಯಾಕ ಖರ್ಚು’ ಎಂದು ಅಜ್ಜ ಅನ್ನಬಹುದು. ಕೊಯ್ಲಿಗೆ ಬೇರೆ ಆಳು ಹಚ್ಚಿರಿ. ಅಜ್ಜನನ್ನು ಕರೆದುಕೊಂಡು ನೀವು ಹೊರಡಿರಿ.

ಮನೆಯಲ್ಲಿ ಹನಿ ಹಾಕುವವರು ಮೊದಲು ಸೋಪಿನಿಂದ ಕೈ ತೊಳೆಯಲಿ. ಸ್ಟೀರಾಯ್ಡ್ ಹನಿ ಉರಿಯೂತ ಇಳಿಸುತ್ತದೆ. ಅಳತೆ ತಪ್ಪಿದರೆ ಕಣ್ಣಿನ ಒತ್ತಡ ಏರಿಸುತ್ತದೆ, ಸೋಂಕಿಗೂ ಎಡೆ ಕೊಡುತ್ತದೆ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತರಬೇಡಿ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ರಾಶಿ ಮಾಡುವ ಕಣ, ಅಕ್ಕಿ ಗಿರಣಿಗಳ ಹತ್ತಿರ ಆಪರೇಷನ್ ಆದವರನ್ನು ಬಿಡಬೇಡಿ. ಹೊಟ್ಟು ತಾಗಿದ ಸಣ್ಣ ಗೀರಿನಿಂದಲೂ ಶಿಲೀಂಧ್ರದ ಹುಣ್ಣು ಏಳಬಹುದು. ಕಣ್ಣೊಳಗೆ ಎಣ್ಣೆಯ ಬದಲು ಗಾಳಿಗುಳ್ಳೆ ಇಟ್ಟಿದ್ದರೆ ಅದು ಕರಗುವವರೆಗೆ ವಿಮಾನ ಪ್ರಯಾಣ ಬೇಡ. ತಲೆ ಹೇಗೆ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೋ ಹಾಗೇ ಇರಲಿ.

ಕಣ್ಣು ಕೆಂಪಾದರೆ, ನೋವು ಹೆಚ್ಚಿದರೆ, ಬೆಳಕು ಚುಚ್ಚಿದರೆ, ಬಿಳಿ ಚುಕ್ಕೆ ಕಂಡರೆ, ಬೆಳಗ್ಗೆ ಮಂಜಾಗಿದ್ದು ಮಧ್ಯಾಹ್ನಕ್ಕೆ ತಿಳಿಯಾಗುತ್ತಿದ್ದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಹುಬ್ಬಳ್ಳಿ ದೂರವೆಂದು ಕಾಯಬೇಡಿ, ಮೊದಲ ಪರೀಕ್ಷೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲೇ ಆಗಲಿ.

ದಾನವಾಗಿ ಬಂದ ಕಣ್ಣಿನಿಂದ ಹಾಳಾದ ಕಾರ್ನಿಯಾ ಬದಲಿಸಬಹುದು ನಿಜ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಅವರ ನೇತ್ರದಾನ ನಾಡಿಗೆ ಗೊತ್ತು. ಆದರೆ ಎಣ್ಣೆ ತುಂಬಿದ ಕಣ್ಣಿನಲ್ಲಿ ಕಸಿ ಬಾಳುವುದು ಕಷ್ಟ. ಇದ್ದದ್ದನ್ನು ಉಳಿಸುವುದೇ ಮೇಲು.

ಆಸ್ಪತ್ರೆಯಿಂದ ಹೊರಡುವ ಮುನ್ನ ಮೂರು ಮಾತು ಕೇಳಿ ಬರೆದುಕೊಳ್ಳಿ: ಒಳಗೆ ಇಟ್ಟಿರುವುದು ಎಣ್ಣೆಯೋ ಗಾಳಿಯೋ? ಎಣ್ಣೆಯಾದರೆ ತೆಗೆಯುವುದು ಯಾವಾಗ? ಕಾರ್ನಿಯಾ ಹೇಗಿದೆ? ಕೇಳಲು ಸಂಕೋಚ ಬೇಡ. ನಿಮ್ಮನ್ನು ಓದಿಸಿದ್ದು ಇಂಥ ಹೊತ್ತಿಗೂ ಹೌದು.