ಅರಿವಿಗೂ ಒಂದು ಲೆಕ್ಕ



ನಾವು ಹುಟ್ಟಿ ಬೆಳೆದ ಹಳ್ಳಿಯಲ್ಲಿ, ಒಂದು ಕಂದೀಲು ಉರಿಯುತ್ತಿದ್ದ ಪಡಸಾಲೆಗೆ ಇನ್ನೊಂದನ್ನು ತಂದಿಟ್ಟರೆ ಮನೆಮಂದಿಯೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಈ ಪುಣೆಯ ಲಕ್ಷ್ಮೀ ರಸ್ತೆಯ ದೀಪಗಳ ನಡುವೆ ಅದೇ ಕಂದೀಲನ್ನು ಹಚ್ಚಿಟ್ಟರೆ ಯಾರೂ ಗಮನಿಸಲಾರರು. ಕಂದೀಲಿನ ಬೆಳಕೇನೂ ಕಡಮೆಯಾಗಲಿಲ್ಲ. ಹಾಗಾದರೆ ಬದಲಾದುದೇನು?

ಇಂತಹ ಪ್ರಶ್ನೆಗೆ ಜರ್ಮನಿಯ ವೇಬರ್ ಎಂಬ ವಿದ್ವಾಂಸರು 1834ರಲ್ಲಿ ಗಣಿತದ ಉತ್ತರವನ್ನು ಸೂಚಿಸಿದರು. ಕೈಯಲ್ಲಿ ಎತ್ತಿದ ಭಾರವು ಹೆಚ್ಚಿತೆಂದು ನಮಗೆ ತಿಳಿಯಬೇಕಾದರೆ, ಅದು ಮೊದಲಿನ ಭಾರದ ಸುಮಾರು 40ನೆಯ ಒಂದು ಪಾಲಿನಷ್ಟಾದರೂ ಹೆಚ್ಚಬೇಕು. 400 ಗ್ರಾಮಿಗೆ 10 ಗ್ರಾಮು ಸಾಕು. 2 ಕಿಲೋಗ್ರಾಮಿಗೆ 50 ಗ್ರಾಮು ಬೇಕು. ಇದರ ಸೂತ್ರವು ಹೀಗಿದೆ:

ಅರಿವಿಗೆ ಬರುವ ಕನಿಷ್ಠ ಹೆಚ್ಚಳ ÷ ಮೊದಲಿನ ಪರಿಮಾಣ = ಸ್ಥಿರಸಂಖ್ಯೆ

ಬೆಳಕಿಗೆ, ಶಬ್ದಕ್ಕೆ ಈ ಸಂಖ್ಯೆ ಬೇರೆಯಾದರೂ ರೀತಿ ಒಂದೇ. ಕಂದೀಲಿನ ಒಗಟು ಇಲ್ಲಿಗೆ ಬಿಡಿಸಿತು.

1860ರಲ್ಲಿ ಫೆಕ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊರಗಿನ ಬೆಳಕು 1, 10, 100 ಎಂದು ಗುಣಿಸುತ್ತ ಏರಿದರೆ, ಒಳಗಿನ ಅರಿವು 1, 2, 3 ಎಂದು ಕೂಡುತ್ತ ಏರುವುದೆಂದರು. ಇದುವೇ ಲಾಗರಿತಮ್ಮಿನ ನಡೆ. ಆಕಾಶವನ್ನು ನೋಡಿರಿ. ಪ್ರಾಚೀನರು ಬರಿಗಣ್ಣಿಂದ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಮುಂದೆ 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದ ಪಾಗ್‌ಸನ್ ಅವರು, ಒಂದನೆಯ ದರ್ಜೆಯ ನಕ್ಷತ್ರವು ಆರನೆಯದಕ್ಕಿಂತ 100 ಪಟ್ಟು ಪ್ರಕಾಶವುಳ್ಳದ್ದೆಂಬ ಅಳತೆಯನ್ನು 1856ರಲ್ಲಿಯೇ ಸೂಚಿಸಿದ್ದರು. ಕಣ್ಣಿಗೆ ಐದೇ ಮೆಟ್ಟಿಲು. ಬೆಳಕಿಗೆ ನೂರು ಪಟ್ಟು!

ಆದರೆ ಸೂತ್ರಕ್ಕೂ ಮೇರೆಯುಂಟು. ಅತಿ ಮಂದವಾದ ಬೆಳಕಿನಲ್ಲಿ ವೇಬರರ ನಿಯಮವು ಸರಿಹೊಂದದು. 1957ರಲ್ಲಿ ಅಮೆರಿಕದ ಸ್ಟೀವನ್ಸ್ ಅವರು ಫೆಕ್ನರರ ಸೂತ್ರಕ್ಕೆ ಬದಲಾಗಿ ಘಾತದ ಸೂತ್ರವೊಂದನ್ನು ಮುಂದಿಟ್ಟರು. ಇನ್ನು ಮನಸ್ಸಿನ ಗಮನವೆಂಬುದು ಬೇರೆಯೇ ವಿಷಯ. ಊರು ಬಿಟ್ಟು ಬಂದ ಹೊಸತರಲ್ಲಿ ನಾವು ಮಂಡಯಿಯ ಗದ್ದಲದಲ್ಲಿ ನಡೆಯುತ್ತಿದ್ದಾಗ, ಯಾರೋ ತಾಯಿ ಮೆಲ್ಲಗೆ “ಬಾರೋ ತಮ್ಮಾ” ಎಂದು ಮಗನನ್ನು ಕರೆದುದು ನಮ್ಮ ಕಿವಿಗೆ ಬಿದ್ದಿತು. ಅದಕ್ಕಿಂತ ಗಟ್ಟಿಯಾದ ನೂರು ದನಿಗಳು ಸುತ್ತಲೂ ಇದ್ದವು. ಅವೊಂದೂ ನಮ್ಮನ್ನು ನಿಲ್ಲಿಸಲಿಲ್ಲ. ಗಮನ ಕೊಡದ ಕಿವಿಗೆ ಬಿದ್ದ ಮಾತುಗಳಲ್ಲಿಯೂ ತಮ್ಮ ಹೆಸರನ್ನು ಹಲವರು ಗುರುತಿಸುವರೆಂದು 1959ರಲ್ಲಿ ಮೋರೇ ಎಂಬವರು ಪ್ರಯೋಗದಿಂದ ತೋರಿಸಿದರು. ದನಿಯ ಪರಿಮಾಣದ ಜೊತೆಗೆ ಮಾತಿನ ಅರ್ಥವನ್ನೂ ಮನಸ್ಸು ತೂಗುತ್ತದೆ. ಆ ತೂಕವನ್ನೂ ಲೆಕ್ಕಕ್ಕೆ ತರಲು ಪಂಡಿತರು ಇಂದಿಗೂ ಶ್ರಮಿಸುತ್ತಿದ್ದಾರೆ.

ನೀವೂ ಪರೀಕ್ಷಿಸಿರಿ. ಗೆಳೆಯನ ಕಣ್ಣು ಕಟ್ಟಿ, ಅಂಗೈಯಲ್ಲಿ ಅಕ್ಕಿಯ ಚೀಲವನ್ನಿಟ್ಟು, ಹಿಡಿಹಿಡಿಯಾಗಿ ಅಕ್ಕಿಯನ್ನು ಸೇರಿಸುತ್ತ ಹೋಗಿರಿ. “ಈಗ ಭಾರವಾಯಿತು” ಎಂದು ಅವನೆಂದಾಗ ತೂಗಿ ಬರೆದಿಡಿರಿ. ಚೀಲವನ್ನು ಇಮ್ಮಡಿ ಭಾರ ಮಾಡಿ ಮತ್ತೆ ನೋಡಿರಿ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಅಂಗೈಯನ್ನೇ ಕೇಳುವುದು ಒಳಿತು.