ಸಕ್ಕರೆ ಕಾಯಿಲೆಯೂ ಬೇರುಮದ್ದೂ: ಮೂತ್ರಪಿಂಡ, ಈಲಿಗಳನ್ನು ಕಾಪಾಡಿಕೊಳ್ಳುವ ಬಗೆ



ಸಕ್ಕರೆ ಕಾಯಿಲೆ ಪಟ್ಟಣದವರ ರೋಗ, ಕುಳಿತು ಉಣ್ಣುವವರ ರೋಗ, ಮೈಮುರಿದು ದುಡಿಯುವ ನಮಗೇಕೆ ಬಂದೀತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ಈಗ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ರಾಜ್ಯ ರಾಜ್ಯಗಳಲ್ಲಿ ನಡೆಸಿದ ಪರಿಶೀಲನೆಯ ಫಲ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಈ ಕಾಯಿಲೆಯಿದೆ ಎಂದು ಅದರಿಂದ ತಿಳಿಯಿತು. ಅವರಲ್ಲಿ ಹಳ್ಳಿಗರೂ ಬಹುಮಂದಿ ಇದ್ದಾರೆ.

ಕಾಯಿಲೆ ಇದೆ ಎಂದು ತಿಳಿದೊಡನೆ ಊರಿನಲ್ಲಿ ಎರಡು ಸಲಹೆಗಳು ಬರುತ್ತವೆ. ಒಬ್ಬರು, "ಗುಳಿಗೆ ನುಂಗಿದರೆ ಮೂತ್ರಪಿಂಡ ಕೆಡುತ್ತದೆ, ಬಿಟ್ಟುಬಿಡು, ಬೇರುಮದ್ದು ಕುಡಿ" ಎನ್ನುತ್ತಾರೆ. ಇನ್ನೊಬ್ಬರು, "ಬೇರುಮದ್ದೆಲ್ಲ ಬರೀ ಮೋಸ" ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

1. ಹಿಂದಿನ ವೈದ್ಯರು ಕಂಡದ್ದು

ನಮ್ಮ ಆಯುರ್ವೇದ ಗ್ರಂಥಗಳು ಈ ರೋಗವನ್ನು ಪ್ರಮೇಹವೆಂದು ಕರೆದು, ಅದರಲ್ಲಿ 20 ಬಗೆಗಳನ್ನು ಎಣಿಸಿವೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆ ಕಾಲದ ವೈದ್ಯರು ಗಮನಿಸಿದ್ದರು. ಸುಖವಾಗಿ ಕುಳಿತಿರುವುದು, ಅತಿಯಾದ ನಿದ್ದೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವೇ ಕಾರಣಗಳೆಂದು ಚರಕ ಹೇಳುತ್ತಾನೆ. ರೋಗಿಗಳಲ್ಲಿ ದಪ್ಪಗಿರುವವರು ಬೇರೆ, ಬಡಕಲಾದವರು ಬೇರೆ. ಇಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದು ಎಂದೂ ಅವನು ಹೇಳಿದ್ದಾನೆ. ಇದು ಇಂದಿನ ವೈದ್ಯರೂ ಒಪ್ಪುವ ಮಾತು.

ಸುಶ್ರುತನು ಕೊಟ್ಟಿರುವ ಚಿಕಿತ್ಸೆ ರೈತರಿಗೆ ಕೇಳಲು ಸ್ವಾರಸ್ಯವಾಗಿದೆ. ರೋಗಿಯು ನೂರು ಯೋಜನ ನಡೆಯಲಿ, ಹಸುಗಳ ಹಿಂದೆ ತಿರುಗಲಿ, ಹೊಲ ಉಳಲಿ, ಬಾವಿ ತೋಡಲಿ, ಆದರೆ ಬಡಕಲು ರೋಗಿಯನ್ನು ದಣಿಸದೆ ಕಾಪಾಡಬೇಕು ಎನ್ನುತ್ತಾನೆ. ನೋಡಿದಿರಾ? ನಿಮ್ಮ ನೇಗಿಲೇ ಒಂದು ಔಷಧಿಯಾಗಿತ್ತು. ಈಗ ಉಳುಮೆಗೆ ಟ್ರ್ಯಾಕ್ಟರು, ನೀರಿಗೆ ಪಂಪುಸೆಟ್ಟು, ಹೊಲಕ್ಕೆ ಹೋಗಲು ಮೋಟಾರುಬೈಕು ಬಂದಿವೆ. ಕೆಲಸ ಹಗುರಾಗಿದ್ದು ಒಳ್ಳೆಯದೇ. ಆದರೆ ಊಟದ ಅಳತೆ ಮಾತ್ರ ನೇಗಿಲು ಹಿಡಿದ ಕಾಲದ್ದೇ ಉಳಿದರೆ, ಮಿಕ್ಕಿದ್ದು ಎಲ್ಲಿಗೆ ಹೋಗಬೇಕು?

ಸುಶ್ರುತನ ಒಂದು ಮಾತನ್ನು ಮಾತ್ರ ಇಂದು ಪಾಲಿಸಕೂಡದು. ಚಪ್ಪಲಿಯಿಲ್ಲದೆ ನಡೆಯಬೇಕೆಂದು ಅವನು ಹೇಳುತ್ತಾನೆ. ಈ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕಡಿಮೆಯಾಗುವುದುಂಟು. ಮುಳ್ಳು ಚುಚ್ಚಿದ್ದು ತಿಳಿಯದೆ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಆದುದರಿಂದ ಗದ್ದೆಯ ಬದುವಿನಲ್ಲಿಯೂ ಕಾಲಿಗೆ ಮೆಟ್ಟು ಇರಲಿ.

2. ಮೂತ್ರಪಿಂಡ ಕೆಡುವ ಬಗೆ

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳಿಸುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಾಗಿದ್ದರೆ ಈ ಜರಡಿಗಳು ಸಡಿಲವಾಗಿ, ಆಮೇಲೆ ಗಟ್ಟಿಕಟ್ಟಿ ಮುಚ್ಚಿಹೋಗುತ್ತವೆ. ರಕ್ತದ ಒತ್ತಡವೂ ಸೇರಿದರೆ ಕೇಡು ಬೇಗ ಆಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ. ಜರಡಿ ಕೆಡುವಾಗ ನೋವಿರುವುದಿಲ್ಲ. ಮುಖ, ಕಾಲು ಊದಿಕೊಳ್ಳುವ ಹೊತ್ತಿಗೆ ಬಹುಪಾಲು ಕೆಟ್ಟಿರುತ್ತದೆ. ಆಮೇಲೆ ಯಂತ್ರದಲ್ಲಿ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಬೇಕಾಗಬಹುದು. ಅದಕ್ಕೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ ಮಂಚದ ಮೇಲೆ ಮಲಗಬೇಕು. ಬಿತ್ತನೆಯ ಕಾಲವೇ ಇರಲಿ, ಕೊಯ್ಲಿನ ಕಾಲವೇ ಇರಲಿ, ತಪ್ಪಿಸುವಂತಿಲ್ಲ. ಮನೆಯ ಯಜಮಾನನಿಗೆ ಹೀಗಾದರೆ ಇಡೀ ಬೇಸಾಯವೇ ನಿಂತಂತೆ.

ಹಾಗಾದರೆ ಗುಳಿಗೆಯಿಂದ ಮೂತ್ರಪಿಂಡ ಕೆಡುತ್ತದೆ ಎಂಬ ಮಾತು? ವೈದ್ಯರು ಅಳೆದು ಕೊಟ್ಟ ಸಕ್ಕರೆಯ ಗುಳಿಗೆ ಅದನ್ನು ಕೆಡಿಸುವುದಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕೆಡಿಸುತ್ತದೆ. ಮೂತ್ರಪಿಂಡ ಆಗಲೇ ಸೊರಗಿದ್ದರೆ ವೈದ್ಯರು ಗುಳಿಗೆಯ ಅಳತೆಯನ್ನು ಬದಲಿಸುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ನಿಜವಾಗಿ ಅಂಜಬೇಕಾದದ್ದು ಮೈಕೈ ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಗುಳಿಗೆಗಳಿಗೆ.

3. ಈಲಿ ಎಂಬ ಕಣಜ

ಈಲಿ, ಎಂದರೆ ಪಿತ್ತಜನಕಾಂಗವು, ನಮ್ಮ ದೇಹದ ಕಣಜ. ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು, ಹೊಟ್ಟೆ ಬರಿದಾದಾಗ ಬಿಟ್ಟುಕೊಡುತ್ತದೆ. ಕಣಜ ತುಂಬಿದ ಮೇಲೂ ಸುರಿಯುತ್ತಿದ್ದರೆ ಅದು ಕೊಬ್ಬಾಗಿ ಈಲಿಯಲ್ಲಿಯೇ ಸೇರುತ್ತದೆ. ಮದ್ಯ ಮುಟ್ಟದವರಿಗೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಬಹಳ ಸಾಮಾನ್ಯ. ದಪ್ಪಗಿರುವವರು ಮೈತೂಕವನ್ನು ಇಳಿಸಿದರೆ ಕೊಬ್ಬು ಕರಗುತ್ತದೆ. ಮೇಲೆ ಮದ್ಯವೂ ಸೇರಿದರೆ ಈಲಿ ಗಂಟುಕಟ್ಟಿ, ಸರಿಪಡಿಸಲಾಗದಂತೆ ಕೆಡಬಹುದು.

4. ಮನೆಯ ಮದ್ದು: ಯಾವುದು ಎಷ್ಟು?

ಮೆಂತ್ಯ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ದಿನಕ್ಕೆ ಸುಮಾರು 25 ಗ್ರಾಂ ಊಟದೊಡನೆ ಬಳಸಿದರೆ ಸಕ್ಕರೆ ಸ್ವಲ್ಪ ಇಳಿಯುವುದು ಕಂಡುಬಂತು. ನೆನೆಹಾಕಿಯೋ ಹಿಟ್ಟು ಮಾಡಿಯೋ ಸೇವಿಸಬಹುದು. ಮೊದಲು ಸ್ವಲ್ಪದರಿಂದ ಪ್ರಾರಂಭಿಸಿ.

ಅರಿಸಿನ ಮತ್ತು ನೆಲ್ಲಿಕಾಯಿ: ಪ್ರಮೇಹಕ್ಕೆ ಈ ಜೋಡಿಯೇ ಉತ್ತಮವೆಂದು ವಾಗ್ಭಟನ ಮತ. ಅಡಿಗೆಯ ಅಳತೆಯಲ್ಲಿ ಬಳಸಲು ಅಡ್ಡಿಯಿಲ್ಲ.

ಹೊನ್ನೆ ಮರ: ಇದರ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿಯಿದೆ. ಇದರ ಕಷಾಯದ ಸಾರವನ್ನು ಸಂಶೋಧನಾ ಮಂಡಳಿಯವರೂ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಹೊಸದಾಗಿ ಕಾಯಿಲೆ ಬಂದ ಹಲವರಲ್ಲಿ ಗುಣ ಕಂಡಿತ್ತು.

ಹಾಗಲ, ಮಧುನಾಶಿನಿ: ಮಧುನಾಶಿನಿಯ ಎಲೆ ಅಗಿದರೆ ನಾಲಗೆಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಎರಡಕ್ಕೂ ಸಕ್ಕರೆ ಇಳಿಸುವ ಗುಣ ಸ್ವಲ್ಪಮಟ್ಟಿಗೆ ಇದೆ.

ಇವೆಲ್ಲ ಪಥ್ಯಕ್ಕೆ ಜೊತೆಯಾಳುಗಳು. ಗುಳಿಗೆಯ ಅಥವಾ ಇನ್ಸುಲಿನ್ನಿನ ಜಾಗದಲ್ಲಿ ನಿಲ್ಲುವಂಥವಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಕಾಯಿಲೆ ಬಂದು ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಕ್ಕಳಿಗೆ ಅದನ್ನು ಎಂದಿಗೂ ನಿಲ್ಲಿಸಕೂಡದು. 1922ರಲ್ಲಿ ಇನ್ಸುಲಿನ್ ಬಳಕೆಗೆ ಬರುವ ಮುಂಚೆ ಅಂಥ ಮಕ್ಕಳನ್ನು ಉಳಿಸುವ ಮದ್ದು ಯಾವ ದೇಶದಲ್ಲಿಯೂ ಇರಲಿಲ್ಲ.

ಗುಳಿಗೆಯ ಜೊತೆಗೆ ಈ ಮದ್ದುಗಳನ್ನೂ ಸೇವಿಸಿದರೆ ಸಕ್ಕರೆ ಒಮ್ಮೆಗೇ ಬಹಳ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಅದರ ಗುರುತು. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲದ ಚೂರು ಇರಲಿ. ಆ ಗುರುತು ಕಂಡೊಡನೆ ಬಾಯಿಗೆ ಹಾಕಿಕೊಳ್ಳಿ.

5. ಗಿಡಮೂಲಿಕೆಯೆಂದ ಮಾತ್ರಕ್ಕೆ ಅಪಾಯವಿಲ್ಲವೆ?

ಬೇಲಿಯ ಗಿಡವೆಲ್ಲ ನಿರಪಾಯವೆಂದು ದನ ಕಾಯುವ ಹುಡುಗನೂ ಹೇಳಲಾರ. ವಿಷದ ಮದ್ದೆಂದು ಹಳ್ಳಿಗಳಲ್ಲಿ ಬಳಸುವ ಈಶ್ವರಿ ಬಳ್ಳಿಯ ಜಾತಿಯಲ್ಲಿ ಮೂತ್ರಪಿಂಡವನ್ನು ಹಾಳುಮಾಡುವ ಒಂದು ಆಮ್ಲವಿದೆ. ಇದೇ ಜಾತಿಯ ಬೇರು ತಪ್ಪಾಗಿ ಬೆರೆತ ಮದ್ದನ್ನು ಮೈ ಇಳಿಸಲೆಂದು ಸೇವಿಸಿದ ಬೆಲ್ಜಿಯಂ ದೇಶದ ಅನೇಕ ಹೆಂಗಸರ ಮೂತ್ರಪಿಂಡ ಕೆಟ್ಟದ್ದು 1993ರಲ್ಲಿ ಬೆಳಕಿಗೆ ಬಂತು. ಮೂತ್ರಪಿಂಡ ಸೊರಗಿದವರಿಗೆ ಧಾರೆಹುಳಿ ಹಣ್ಣು ಕೂಡ ವಿಷವಾಗಬಲ್ಲುದು.

ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಈಲಿ ಊದಿಕೊಂಡಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅದನ್ನೇ ಹೋಲುವ ಬೇರೊಂದು ಬಳ್ಳಿ ಸೇರಿರಬಹುದೆಂದು ಆಯುಷ್ ಸಚಿವಾಲಯದವರು ಹೇಳಿದರು. ಈ ವಾದದಿಂದ ನಾವು ಕಲಿಯತಕ್ಕದ್ದು ಇಷ್ಟು: ಗುರುತು ತಪ್ಪಿದರೂ ಅಳತೆ ತಪ್ಪಿದರೂ ಮದ್ದು ಮುಳುವಾಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಊಟ ಸೇರದಿದ್ದರೆ ಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಸಂತೆಯಲ್ಲಿ ಹೆಸರು, ವಿಳಾಸವಿಲ್ಲದೆ ಮಾರುವ ಪುಡಿಯನ್ನು ಕೊಳ್ಳಬೇಡಿ. ಇಂಥವುಗಳಲ್ಲಿ ಸೀಸ, ಪಾದರಸ ಇದ್ದದ್ದುಂಟು. ಸಕ್ಕರೆಯ ಗುಳಿಗೆಯನ್ನೇ ಅರೆದು ಬೆರೆಸಿದ್ದೂ ಉಂಟು. ಆಯುರ್ವೇದದ ಔಷಧಿ ಬೇಕಾದರೆ ಸರ್ಕಾರಿ ಆಯುರ್ವೇದ ಆಸ್ಪತ್ರೆಗೆ ಹೋಗಿ, ಓದಿದ ವೈದ್ಯರಿಂದಲೇ ಪಡೆಯಿರಿ. ಮೈಸೂರಿನಲ್ಲಿ 1908ರಷ್ಟು ಹಿಂದೆಯೇ ಆಯುರ್ವೇದ ಕಾಲೇಜು ಪ್ರಾರಂಭವಾದ ನಾಡು ನಮ್ಮದು. ಓದಿದ ವೈದ್ಯರಿಗೆ ಇಲ್ಲಿ ಬರವಿಲ್ಲ.

6. ಊಟದ ಮಾತು

ಊಟ ಬಲ್ಲವನಿಗೆ ರೋಗವಿಲ್ಲ. ರಾಗಿ ಒಳ್ಳೆಯದೆಂದು ಮೂರು ಮುದ್ದೆ ಉಂಡರೆ ಅದೂ ಸಕ್ಕರೆಯೇ ಆಗುತ್ತದೆ. ಮುದ್ದೆಯ ಗಾತ್ರ ಕಡಿಮೆ ಮಾಡಿ, ಸೊಪ್ಪು, ಕಾಳು, ತರಕಾರಿ ಹೆಚ್ಚಿಸಿ. ಯವ, ಎಂದರೆ ಬಾರ್ಲಿ, ಮತ್ತು ಹಾರಕದಂಥ ಧಾನ್ಯಗಳನ್ನು ಹಿಂದಿನ ವೈದ್ಯರು ಹೇಳಿದ್ದಾರೆ; ಇವಕ್ಕೂ ಅಳತೆ ಉಂಟು. ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ನಿರಪಾಯವೆಂದು ತಿಳಿಯುವುದು ತಪ್ಪು.

ನೆನಪಿನಲ್ಲಿಡತಕ್ಕ ಅಂಶಗಳು

(1) 30 ವರ್ಷ ದಾಟಿದವರೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದ ಒತ್ತಡ ನೋಡಿಸಿಕೊಳ್ಳಿ. ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚಾಗಿದ್ದರೆ ಕಾಯಿಲೆಯ ಗುರುತು. ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. 100ರಿಂದ 125 ಎಚ್ಚರಿಕೆಯ ಗಂಟೆ.

(2) ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಣ್ಣು, ಪಾದಗಳನ್ನೂ ತೋರಿಸಿ.

(3) ಸೇವಿಸುವ ಬೇರುಮದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.

(4) ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

(5) ತಂಬಾಕು, ಮದ್ಯ ಬಿಡಿ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ.

ಮಂಡಲಿಯಲ್ಲಿ ಚರ್ಚಿಸಲು ಪ್ರಶ್ನೆಗಳು

ನಮ್ಮ ಊರಿನಲ್ಲಿ 30 ದಾಟಿದವರೆಷ್ಟು ಮಂದಿ ಈ ವರ್ಷ ಪರೀಕ್ಷೆ ಮಾಡಿಸಿದ್ದಾರೆ? ನೋವಿನ ಗುಳಿಗೆಯನ್ನು ದಿನವೂ ನುಂಗುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ? ಗುಳಿಗೆ ಬಿಟ್ಟು ಪುಡಿ ಹಿಡಿದವರಿದ್ದರೆ ಅವರನ್ನು ನಾಳೆಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವವರು ಯಾರು?