ಹೆಡ್‌ಲೈಟು ಮಂಕಾದರೆ ಮೊದಲು ಬಲ್ಬಿಗೆ ಕೈ ಹಾಕಬೇಡಿ

ಹಾಸನದಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಹಳೆ ಕಾರುಗಳ ವೈರಿಂಗ್ ಕೆಲಸವೇ ನನಗೆ ಅನ್ನ. ಮುಂಗಾರು ಹಿಡಿಯಿತೆಂದರೆ ಅಂಗಡಿಗೆ ಬರುವವರದ್ದೆಲ್ಲ ಒಂದೇ ಮಾತು: ‘ಲೈಟ್ ಹಾಕಿದ್ರೂ ರಸ್ತೆ ಕಾಣಲ್ಲ.’ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮಾರುತಿ 800 ನಿಂತದ್ದೂ ಅದೇ ವರ್ಷ. ಪದ್ಮಿನಿ ಅದಕ್ಕೂ ಎಷ್ಟೋ ಮುಂಚೆ ನಿಂತಿತು. ಅಂದರೆ ಈ ಗಾಡಿಗಳಲ್ಲಿ ಎಷ್ಟೇ ಹೊಸದರ ವೈರಿಗೂ ಹತ್ತು ವರ್ಷ ದಾಟಿದೆ. ಘಾಟಿಯ ಮಂಜಿನಲ್ಲಿ ಲೈಟು ಕೈಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ರಸ್ತೆ ಬದಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಬಲ್ಬಿನ ಹತ್ತಿರ ಎಷ್ಟು ವೋಲ್ಟ್ ಬರುತ್ತಿದೆ, ಅದನ್ನು ಮೊದಲು ಅಳೆಯಿರಿ.

ಸಾಮಾನ್ಯ ಹ್ಯಾಲೋಜನ್ ಬಲ್ಬು 60/55 ವ್ಯಾಟಿನದು. ಅದಕ್ಕೆ ಸಿಗುವ ವೋಲ್ಟೇಜು ನೂರಕ್ಕೆ ಹತ್ತು ಭಾಗ ಕಡಿಮೆಯಾದರೆ ಬೆಳಕು ಹತ್ತು ಭಾಗ ಇಳಿದು ನಿಲ್ಲುವುದಿಲ್ಲ, ಸುಮಾರು ಮೂವತ್ತು ಭಾಗ ಇಳಿಯುತ್ತದೆ. ಇದನ್ನು ತಿಳಿಯದವರು ‘ಪವರ್ ಜಾಸ್ತಿ ಇರೋದು ಹಾಕಿ’ ಎಂದು 100/90ರ ಬಲ್ಬು ಕೇಳುತ್ತಾರೆ. ಡಿಮ್‌ನಲ್ಲಿ ಎರಡು ಬಲ್ಬು ಸೇರಿ ಒಂಬತ್ತು ಆಂಪಿಯರ್ ಎಳೆಯುತ್ತಿದ್ದ ವೈರು ಆಗ ಹದಿನೈದು ಆಂಪಿಯರ್ ಹೊರಬೇಕು. ಸೋತ ವೈರಿನಲ್ಲಿ ಕರೆಂಟು ಹೆಚ್ಚಾದಷ್ಟೂ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ನಾಲ್ಕು ದಿನ ಬೆಳಕು ಚೆನ್ನಾಗಿದ್ದಂತೆ ಅನಿಸುತ್ತದೆ, ಆಮೇಲೆ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿರುತ್ತದೆ.

2. ಆಕ್ಸಿಲರೇಟರ್ ಒತ್ತಿದರೆ ಬೆಳಕು ಏರುತ್ತದೋ ಇಲ್ಲವೋ ನೋಡಿ.

ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಐಡಲಿನಲ್ಲಿ ಮಂಕಾಗಿ, ರೇಸ್ ಕೊಟ್ಟಾಗ ಬೆಳಗಿದರೆ ಚಾರ್ಜಿಂಗ್ ಕಡೆ ಹೋಗಿ: ಬೆಲ್ಟು ಸಡಿಲವೇ, ಕಾರ್ಬನ್ ಸವೆದಿದೆಯೇ, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯೇ. ಡೈನಮೋ ಇದ್ದ ಕಾಲದ ಗಾಡಿಗಳಲ್ಲಿ ಐಡಲಿನಲ್ಲಿ ಸ್ವಲ್ಪ ಮಂಕಾಗುವುದು ಸಹಜ, ಅದನ್ನು ರೋಗ ಎನ್ನಬೇಡಿ. ರೇಸ್ ಎಷ್ಟು ಕೊಟ್ಟರೂ ಬೆಳಕು ಹಾಗೇ ಮಂಕಾಗಿದ್ದರೆ ತಪ್ಪು ವೈರಿಂಗಿನಲ್ಲಿದೆ. ಒಂದೇ ಕಡೆಯ ಲೈಟು ಮಂಕಾದರೆ ಆ ಕಡೆಯ ಹೋಲ್ಡರ್ ಇಲ್ಲವೇ ಅರ್ತ್.

ಅಳತೆ ನೆನಪಿಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಚಾರ್ಜು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಪದೇ ಪದೇ ಬಲ್ಬು ಸುಡುವುದು, ಬ್ಯಾಟರಿ ನೀರು ಬೇಗ ಇಂಗುವುದು ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ನೋಡುವುದು ಅದನ್ನೇ.

3. ಕರೆಂಟು ಹೋದರೆ ಸಾಲದು, ವಾಪಸ್ ಬರಬೇಕು.

ಹಳೆ ಗಾಡಿಯ ವಿಚಿತ್ರ ಕಾಯಿಲೆಗಳಲ್ಲಿ ಹೆಚ್ಚಿನವು ಅರ್ತಿನವು. ನಿವೃತ್ತ ಮೇಷ್ಟ್ರೊಬ್ಬರು ಅಂಬಾಸಿಡರ್ ತಂದಿದ್ದರು. ‘ಬ್ಯಾಟ್ರಿ ಹೊಸದು ಕಣಯ್ಯಾ, ಸ್ವಿಚ್ಚೂ ಹೊಸದು, ಬಲ್ಬೂ ಹೊಸದು. ಇನ್ನೇನು ಉಳೀತು?’ ಎಂದರು. ‘ಬಲಗಡೆ ಇಂಡಿಕೇಟರ್ ಹಾಕಿ ಮೇಷ್ಟ್ರೇ’ ಎಂದೆ. ಹಾಕಿದರು. ಇಂಡಿಕೇಟರ್ ಮಿನುಗಿದಂತೆಲ್ಲ ಬಲಗಡೆಯ ಹೆಡ್‌ಲೈಟು ಅದರ ತಾಳಕ್ಕೇ ಕುಗ್ಗಿ ಏಳುತ್ತಿತ್ತು. ಲೈಟು ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೆಂಪು ಕಡ್ಡಿಯನ್ನು ಬಲ್ಬಿನ ಅರ್ತ್ ಪಿನ್ನಿಗೂ ಇಟ್ಟೆ. 1.8 ವೋಲ್ಟ್. ಅಲ್ಲಿ 0.2ಕ್ಕಿಂತ ಹೆಚ್ಚಿರಬಾರದು.

ಆ ಕಡೆಯ ಹೆಡ್‌ಲೈಟು ಮತ್ತು ಇಂಡಿಕೇಟರ್ ಎರಡರ ಅರ್ತ್ ವೈರೂ ಸೇರುವ ಸ್ಕ್ರೂ ರೇಡಿಯೇಟರ್ ಪಕ್ಕದ ತಗಡಿನಲ್ಲಿತ್ತು. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದಾಗ ಆ ಸ್ಕ್ರೂ ಮೇಲೂ ಪೇಂಟ್ ಕೂತಿತ್ತು, ಥಿಂಬಲ್ ಕೆಳಗೆ ತುಕ್ಕು. ಬಿಚ್ಚಿ, ತಗಡು ಬೆಳ್ಳಗೆ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಕಾಸಿನ ಸಾಮಾನು ಏನೂ ಬೇಕಾಗಲಿಲ್ಲ. ಮೇಷ್ಟ್ರು ಗಾಡಿಯ ಮುಂದೆ ಬಗ್ಗಿ ನಿಂತು ಎರಡು ಲೈಟನ್ನೂ ಬಹಳ ಹೊತ್ತು ನೋಡಿದರು.

ವಾಪಸ್ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟ್ ಹೊಕ್ಕು ದಾಟಲು ನೋಡುತ್ತದೆ. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟು ಮಿಣುಗುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಕುಣಿಯುವುದು ಇದರಿಂದಲೇ. ಇನ್ನೂ ಅಪಾಯದ್ದು ಎಂಜಿನ್ನಿನಿಂದ ಬಾಡಿಗೆ ಬರುವ ದಪ್ಪ ಅರ್ತ್ ಪಟ್ಟಿ ಹರಿಯುವುದು. ಆಗ ಸೆಲ್ಫ್ ಹೊಡೆದಾಗಿನ ಭಾರಿ ಕರೆಂಟು ಆಕ್ಸಿಲರೇಟರ್ ಕೇಬಲ್ಲು, ಚೋಕ್ ಕೇಬಲ್ಲಿನ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕೇಬಲ್ ಮುಟ್ಟಿ ನೋಡಿ. ಬಿಸಿ ಇದ್ದರೆ ಆ ಗಾಡಿಯನ್ನು ಮನೆ ತನಕವೂ ಓಡಿಸಬೇಡಿ. ಒಳಗಿನ ಪ್ಲಾಸ್ಟಿಕ್ ಕರಗಿದರೆ ಆಕ್ಸಿಲರೇಟರ್ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ.

4. ರಿಲೇ ಹಾಕಿಸಿ.

ಅನೇಕ ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ಪರಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಸುತ್ತಿ ಬರುತ್ತದೆ. ಸವೆದ ಒಂದೊಂದು ಪಾಯಿಂಟೂ ತನ್ನ ಪಾಲು ತಿನ್ನುತ್ತದೆ. ಹೈಗೆ ಒಂದು, ಡಿಮ್‌ಗೆ ಒಂದು ರಿಲೇ ಸಾಕು. 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೆ ಬಲ್ಬಿನ ವೈರು, 85 ಅರ್ತಿಗೆ. ವೈರು 2.5 ಚದರ ಮಿಲಿಮೀಟರಿನದಿರಲಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಲ್ಲದೆ ಈ ಕೆಲಸ ಮಾಡಿಸಲೇಬೇಡಿ. ಫ್ಯೂಸಿಲ್ಲದ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ಕೆಲವು ಜಪಾನಿ ಮಾದರಿಯ ಗಾಡಿಗಳಲ್ಲಿ ಸ್ವಿಚ್ಚು ಅರ್ತ್ ಕಡೆಗಿರುತ್ತದೆ. ಅವಕ್ಕೆ ಈ ಜೋಡಣೆ ಹೊಂದುವುದಿಲ್ಲ, ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು.

5. ಪದ್ಮಿನಿಯ ಪಿಂಗಾಣಿ ಫ್ಯೂಸ್ ಸುಡದೆಯೂ ಕೈಕೊಡುತ್ತದೆ.

ತುದಿಗಳಿಗೆ ಕಿಲುಬು ಹಿಡಿದಿರುತ್ತದೆ. ಬೆರಳಲ್ಲಿ ತಿರುಗಿಸಿದಾಗ ಲೈಟು ಬಂದರೆ ಅದೇ ಕಾರಣ. ಕ್ಲಿಪ್ಪು ಉಜ್ಜಿ ಫ್ಯೂಸ್ ಬದಲಿಸಿ. ಸಿಗರೇಟ್ ಪ್ಯಾಕಿನ ತಗಡು ಸುತ್ತಿದ ಗಾಡಿ ಬಂದರೆ ಅದನ್ನು ಕಿತ್ತು ಎಸೆದ ಮೇಲೆಯೇ ನಾನು ಮಿಕ್ಕ ಕೆಲಸಕ್ಕೆ ಕೈ ಹಾಕುವುದು.

6. ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೆ ರಾತ್ರಿ ಏನೋ ಎಳೆಯುತ್ತಿದೆ.

ಕೀ ತೆಗೆದು, ಮೈನಸ್ ಟರ್ಮಿನಲ್ ಬಿಚ್ಚಿ, ನಡುವೆ ಮೀಟರನ್ನು ಹತ್ತು ಆಂಪಿಯರಿಗೆ ಇಟ್ಟು ಜೋಡಿಸಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ತೋರಿಸಿದರೆ ದಿನಕ್ಕೆ ಏಳು ಆಂಪಿಯರ್-ಗಂಟೆ ಸೋರುತ್ತಿದೆ ಎಂದರ್ಥ. 35ರ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದು ಕಿತ್ತಾಗ ಮೀಟರ್ ಇಳಿಯಿತೋ ಆ ಲೈನಿನಲ್ಲಿ ಹುಡುಕಿ. ಬಹಳ ಸಲ ಸಿಗುವುದು ಆಮೇಲೆ ಹಾಕಿಸಿದ ಸ್ಟೀರಿಯೋ, ಇಲ್ಲವೇ ಡಿಕ್ಕಿ ಮುಚ್ಚಿದರೂ ಆರದ ದೀಪ. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರಿನ ವೈರು ಬಿಚ್ಚಿ ನೋಡಿ, ಡಯೋಡ್ ಹೋಗಿರಬಹುದು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ.

7. ಮಲೆನಾಡಿನಲ್ಲಿ ಇಲಿ, ಕರಾವಳಿಯಲ್ಲಿ ಉಪ್ಪು.

ತೋಟದ ಮನೆಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬಾನೆಟ್ ತೆಗೆದ ಕೂಡಲೇ ವೈರಿನ ಸಿಪ್ಪೆ ಹುಡುಕಿ. ಮಂಗಳೂರು, ಉಡುಪಿ ಕಡೆಯ ಗಾಡಿಯಲ್ಲಿ ಹೊರಗೆ ಚೆನ್ನಾಗಿ ಕಾಣುವ ವೈರಿನೊಳಗೇ ತಾಮ್ರ ಹಸಿರಾಗಿರುತ್ತದೆ. ಕೆಂಪು ತಾಮ್ರ ಸಿಗುವ ತನಕ ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಬೇಕು. ಬರೀ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

8. ವೋಲ್ಟೇಜು ಸರಿಯಿದ್ದೂ ಬೆಳಕಿಲ್ಲದಿದ್ದರೆ ಗಾಜಿನ ಹಿಂದೆ ನೋಡಿ.

ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಹೋಗಿ ಬೂದಿಯಾಗಿದ್ದರೆ ಯಾವ ವೈರಿಂಗೂ ಅದನ್ನು ಉಳಿಸದು, ಡೂಮ್ ಬದಲಿಸಿ. ಹ್ಯಾಲೋಜನ್ ಡೂಮಿಗೆ ಎಲ್‌ಇಡಿ ತುರುಕುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಬೆಳಕು ಬೀಳಬೇಕಾದಲ್ಲಿ ಬೀಳದೆ ಚೆದುರಿ ಘಾಟಿಯಲ್ಲಿ ಎದುರು ಬರುವವನ ಕಣ್ಣಿಗೆ ಕುಕ್ಕುತ್ತದೆ. ಡೂಮ್ ಕೂರಿಸಿದ ಮೇಲೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ಗೋಡೆಗೆ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ. ಡಿಮ್ ಬೆಳಕಿನ ಮೇಲಂಚು ಗೋಡೆಯ ಮೇಲೆ ಲೈಟಿನ ಎತ್ತರಕ್ಕಿಂತ ಮೂರು ಇಂಚು ಕೆಳಗೆ ಬರುವಂತೆ ಸ್ಕ್ರೂ ತಿರುಗಿಸಿ. ಸಂತೆಗೆ ಡಿಕ್ಕಿ ತುಂಬ ಮೂಟೆ ಹೇರಿಕೊಂಡೇ ಹೋಗುವ ಗಾಡಿಯಾದರೆ, ಮೂಟೆ ಹೇರಿದ ಮೇಲೆ ಈ ಅಡ್ಜಸ್ಟ್‌ಮೆಂಟ್ ಮಾಡಿಸಿ.